ಹನ್ನೆರಡು ನಿಮಿಷದ ಕತ್ತಲು

ಕೋಲಾರದ ನಮ್ಮ ಬೀದಿಯಲ್ಲಿ ಕರೆಂಟ್ ಹೋಗಿ ಬಂದರೆ ಎಲ್ಲರ ಮನೆಗೂ ಬೆಳಕು ಒಂದೇ ಸಲ ಬರುತ್ತದೆ. ಫ್ಯಾನ್ ತಿರುಗುತ್ತದೆ, ಫ್ರಿಜ್ ಗುರ್ ಅನ್ನುತ್ತದೆ, ಪಕ್ಕದ ಮನೆಯ ಸೀರಿಯಲ್‌ನಲ್ಲಿ ಯಾರೋ ಮತ್ತೆ ಅಳಲು ಶುರು ಮಾಡುತ್ತಾರೆ. ನಮ್ಮ ಹಾಲಿನ ಮೂಲೆಯ ಅಕ್ವೇರಿಯಂ ಮಾತ್ರ ಕತ್ತಲಲ್ಲೇ ಕೂತಿರುತ್ತದೆ. ಅಪ್ಪ ಗೋಡೆ ಗಡಿಯಾರ ನೋಡಿ, "ಇನ್ನು ಹನ್ನೆರಡು ನಿಮಿಷ" ಅನ್ನುತ್ತಾರೆ. ಅವರ ಲೆಕ್ಕ ಸಾಮಾನ್ಯವಾಗಿ ತಪ್ಪುವುದಿಲ್ಲ.

ಟ್ಯಾಂಕಿನ ಮೇಲೆ ನೇತುಹಾಕಿರುವುದು 150 ವ್ಯಾಟ್‌ನ ಮೆಟಲ್ ಹ್ಯಾಲೈಡ್ ದೀಪ. ಈಗ ಎಲ್ಲರೂ ಎಲ್‌ಇಡಿ ಹಾಕುತ್ತಾರೆ. ಹೊಸದಾಗಿ ಟ್ಯಾಂಕ್ ಇಡುವವರು ಕೇಳಿದರೆ ನಾನೂ ಎಲ್‌ಇಡಿ ಅಂತಲೇ ಹೇಳುತ್ತೇನೆ. ಆದರೆ ನಾನು ಮಾತ್ರ ಈ ಹಳೇ ದೀಪದ ಜೊತೆ ಗುದ್ದಾಡಿಕೊಂಡೇ ಇದ್ದೇನೆ. ಇದಕ್ಕೆ ಕಾರಣ ಅಂತ ಇದ್ದರೆ ಅದು ನಮ್ಮೂರ ಅಂತರಗಂಗೆ ಬೆಟ್ಟ.

ಚಿಕ್ಕವನಿದ್ದಾಗ ಬೆಟ್ಟಕ್ಕೆ ಹೋದರೆ ದೇವರ ಮುಂದೆ ನಿಲ್ಲುತ್ತಿದ್ದುದಕ್ಕಿಂತ ಕಲ್ಯಾಣಿ ಹತ್ತಿರ ನಿಲ್ಲುತ್ತಿದ್ದುದೇ ಜಾಸ್ತಿ. ಬಸವನ ಬಾಯಿಂದ ನೀರು ಬೀಳುತ್ತಿರುತ್ತದೆ, ನೀರು ಅಲುಗುತ್ತಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ಹೋದರೆ ನೀರಿನೊಳಗಿನ ಮೆಟ್ಟಿಲ ಮೇಲೆ ಬೆಳಕಿನ ಬಲೆ ಬೀಸಿದ ಹಾಗೆ ಕಾಣುತ್ತಿತ್ತು. ಬೆಳ್ಳಿ ಗೆರೆಗಳು ಕೂಡುತ್ತಿದ್ದವು, ಬಿಡುತ್ತಿದ್ದವು. ಅಮ್ಮ ಕೈ ಹಿಡಿದು ಎಳೆಯುವ ತನಕ ನೋಡುತ್ತಿದ್ದೆ.

ಎಷ್ಟೋ ವರ್ಷ ಆದ ಮೇಲೆ ಬೆಂಗಳೂರಿನ ಒಂದು ಅಕ್ವೇರಿಯಂ ಅಂಗಡಿಯಲ್ಲಿ ಅದೇ ಬಲೆ ಕಂಡಿತು. ಗಾಜಿನ ತೊಟ್ಟಿಯ ಮರಳಿನ ಮೇಲೆ, ಸಂಜೆ ಏಳು ಗಂಟೆಗೆ. ಮೇಲೆ ನೋಡಿದರೆ ಒಂದೇ ಒಂದು ದೀಪ, ಕಣ್ಣು ಕೋರೈಸುವಷ್ಟು ಬೆಳಕು. ಗುಟ್ಟು ಇಷ್ಟೇ. ನೀರಿನ ಒಂದೊಂದು ಅಲೆಯೂ ಒಂದು ಮಸೂರದ ಹಾಗೆ ಬೆಳಕನ್ನು ಒಟ್ಟು ಮಾಡಿ ಕೆಳಗೆ ಗೆರೆ ಎಳೆಯುತ್ತದೆ. ಆದರೆ ಬೆಳಕು ಒಂದೇ ಚುಕ್ಕಿಯಿಂದ ಬರಬೇಕು. ಟ್ಯೂಬ್‌ಲೈಟ್ ನಾಲ್ಕು ಅಡಿ ಉದ್ದ, ಅದರ ಬೆಳಕು ಎಲ್ಲಾ ಕಡೆಯಿಂದ ಬಿದ್ದು ಗೆರೆಗಳು ಅಳಿಸಿಹೋಗುತ್ತವೆ. ಮೆಟಲ್ ಹ್ಯಾಲೈಡ್ ಬಲ್ಬಿನೊಳಗೆ ಉರಿಯುವ ಕಿಡಿ ಬೆರಳಿನ ಒಂದು ಗೆಣ್ಣಿನಷ್ಟು ಉದ್ದ ಇದ್ದರೆ ಹೆಚ್ಚು. ಬಿಸಿಲಿನ ಕೆಲಸವನ್ನು ಅದು ಚೆನ್ನಾಗಿ ಮಾಡುತ್ತದೆ. ಬಿಡಿ ಬಿಡಿ ಚುಕ್ಕಿಯ ಎಲ್‌ಇಡಿಯಲ್ಲೂ ಈ ಗೆರೆ ಬರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ನನ್ನ ಕಣ್ಣಿಗೆ ಅದು ಸ್ವಲ್ಪ ಚೂರು ಚೂರಾಗಿ ಕಾಣುತ್ತದೆ.

ಹೊರದೇಶಗಳಲ್ಲಿ ಈ ದೀಪ ಹೆಸರು ಮಾಡಿದ್ದು ಸಮುದ್ರದ ಹವಳಗಳಿಂದ. ಹವಳದ ಮೈಯೊಳಗೆ ಪಾಚಿ ಇರುತ್ತದೆ, ಆ ಪಾಚಿಗೆ ಬಿಸಿಲಿನಷ್ಟೇ ಜೋರು ಬೆಳಕು ಬೇಕು. ಅದಕ್ಕೇ 250, 400 ವ್ಯಾಟ್‌ನ ಬಲ್ಬ್ ಹಾಕುತ್ತಿದ್ದರು. ನಮ್ಮಲ್ಲಿ ಆ ದಾರಿ ಹಿಡಿಯುವ ಹಾಗಿಲ್ಲ. ದಿಬ್ಬ ಕಟ್ಟುವ ಗಟ್ಟಿ ಹವಳಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಷೆಡ್ಯೂಲ್‌ನಲ್ಲಿವೆ, ಹುಲಿ ಆನೆ ಇರುವ ಅದೇ ಪಟ್ಟಿಯಲ್ಲಿ. ಮನೆಯಲ್ಲಿ ಹುಲಿ ಸಾಕುತ್ತೇವಾ? ಅಲ್ಲದೆ ಬೇಸಿಗೆಯಲ್ಲಿ ನೀರಿನ ಟ್ಯಾಂಕರ್‌ಗೆ ಕಾಯುವ ಕೋಲಾರದಲ್ಲಿ ಸಮುದ್ರ ಕಟ್ಟಲು ಹೊರಟರೆ ನಗುತ್ತಾರೆ.

ನಾನು ಗಿಡಗಳ ಕಡೆ ಹೋದೆ. ಸಿಹಿನೀರಿನ ಗಿಡಗಳಿಗೂ ಈ ದೀಪ ಹಾಕಬಹುದು ಅಂತ ಗೊತ್ತಾಗಿದ್ದು ಜಪಾನಿನ ತಕಾಶಿ ಅಮಾನೋ ಅವರ ಟ್ಯಾಂಕುಗಳ ಫೋಟೋ ನೋಡಿ. ಅವರು ಗಿಡದ ಟ್ಯಾಂಕಿನ ಮೇಲೆ 150 ವ್ಯಾಟ್ ಮೆಟಲ್ ಹ್ಯಾಲೈಡ್ ನೇತುಹಾಕುತ್ತಿದ್ದರು, ಮೇಲೆ ಮುಚ್ಚಳ ಇಲ್ಲ, ಏನೂ ಇಲ್ಲ. ನನ್ನ ಟ್ಯಾಂಕ್ ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ನೀರು ಸುಮಾರು 190 ಲೀಟರ್ ಹಿಡಿಯುತ್ತದೆ. ಎರಡು ಅಡಿ ಉದ್ದಕ್ಕೆ ಒಂದು ಬಲ್ಬ್ ಅನ್ನುವುದು ಹವಳದವರ ಲೆಕ್ಕ. ಗಿಡಕ್ಕೆ ಅಷ್ಟು ಬೇಡ. ನಡುವೆ ಒಂದೇ ಬಲ್ಬ್, ಅದರ ಕೆಳಗೆ ಕೆಂಪು ರೊಟಾಲಾ. ಎರಡು ತುದಿಯ ನೆರಳಲ್ಲಿ ಜಾವಾ ಫರ್ನ್, ಕ್ರಿಪ್ಟೋಕೊರೈನ್. ರೊಟಾಲಾ ಮ್ಯಾಕ್ರಾಂಡ್ರಾ ದಕ್ಷಿಣ ಭಾರತದ್ದೇ ಗಿಡ. ಬೆಳಕು ಕಮ್ಮಿಯಾದರೆ ಕೆಂಪು ಬಿಟ್ಟು ಮಂಕಾಗಿಬಿಡುತ್ತದೆ.

ಬಲ್ಬ್ ಹುಡುಕಿದ್ದು ಒಂದು ಕಥೆ. ನಮ್ಮೂರ ಎಲೆಕ್ಟ್ರಿಕಲ್ ಅಂಗಡಿಯಲ್ಲಿ "ಹ್ಯಾಲೈಡ್" ಅಂದೆ. "ಹ್ಯಾಲೋಜನ್ ತಾನೇ ಸಾರ್, ಶಾಮಿಯಾನಕ್ಕೆ ಹಾಕೋದು?" ಅಂತ ಕಡ್ಡಿಯಂಥ ಬಲ್ಬ್ ಕೊಟ್ಟರು. ಎರಡೂ ತುದಿಗೆ ಪಿಂಗಾಣಿ ಟೋಪಿ, ಒಳಗೆ ಗಾಜಿನ ಕೊಳವೆ. ಫೋಟೋದಲ್ಲಿ ನೋಡಿದ್ದೂ ಹೀಗೇ ಇತ್ತು, ತಂದುಬಿಟ್ಟೆ. ಅಪ್ಪ ಕೈಗೆ ತೆಗೆದುಕೊಂಡು ಕಿಟಕಿ ಬೆಳಕಿಗೆ ಹಿಡಿದರು. "ಇದರೊಳಗೆ ತಂತಿ ಐತಲ್ಲೋ. ಹ್ಯಾಲೈಡಲ್ಲಿ ತಂತಿ ಎಲ್ಲಿರ್ತದೆ?" ಅಂದರು. ಹೌದು, ಹ್ಯಾಲೋಜನ್‌ನಲ್ಲಿ ಕಾಯುವ ತಂತಿ ಇರುತ್ತದೆ, ನೇರ ಕರೆಂಟಿಗೆ ಹಾಕಬಹುದು. ಹ್ಯಾಲೈಡ್‌ನಲ್ಲಿ ಇರುವುದು ಸ್ವಲ್ಪ ಪಾದರಸ, ಆರ್ಗಾನ್ ಅನಿಲ, ಒಂದಷ್ಟು ಲೋಹಗಳ ಉಪ್ಪು. ಕಿಡಿ ಹತ್ತಿ ಉಪ್ಪು ಆವಿಯಾದ ಮೇಲೆ ಬೆಳಕು. ಪಾದರಸದ ದೀಪಕ್ಕೆ ಉಪ್ಪು ಸೇರಿಸುವ ಯೋಚನೆಗೆ ಚಾರ್ಲ್ಸ್ ಸ್ಟೈನ್‌ಮೆಟ್ಜ್ 1912ರಲ್ಲೇ ಪೇಟೆಂಟ್ ಪಡೆದಿದ್ದ. ಅದನ್ನು ನಿಜವಾಗಿ ಕೆಲಸ ಮಾಡುವ ದೀಪವಾಗಿ ಮಾಡಿದ್ದು ಜನರಲ್ ಎಲೆಕ್ಟ್ರಿಕ್‌ನ ಗಿಲ್ಬರ್ಟ್ ರೈಲಿಂಗ್, 60ರ ದಶಕದಲ್ಲಿ.

ಕೊನೆಗೆ ದೀಪ ಸಿಕ್ಕಿದ್ದು ಕ್ಲಾಕ್ ಟವರ್ ಕಡೆಯ ಒಂದು ಗುಜರಿ ಅಂಗಡಿಯಲ್ಲಿ. ಬಟ್ಟೆ ಅಂಗಡಿ, ಒಡವೆ ಅಂಗಡಿಯವರೆಲ್ಲ ಎಲ್‌ಇಡಿಗೆ ಹೋದ ಮೇಲೆ ಅವರ ಹಳೇ ಫಿಟ್ಟಿಂಗುಗಳು ಅಲ್ಲಿ ಬಂದು ಬಿದ್ದಿದ್ದವು. ಭಾಯ್ ತೂಕಕ್ಕೆ ಹಾಕಿ ಕೊಟ್ಟರು. ಮುಂದಿನ ಗಾಜು ಬಿರುಕು ಬಿಟ್ಟಿತ್ತು. ಹಾಗೇ ಹಚ್ಚಿ ನೋಡೋಣ ಅಂದೆ. ಅಪ್ಪ ಬಿಡಲಿಲ್ಲ. ಎರಡು ತುದಿಯ ಹ್ಯಾಲೈಡ್ ಬಲ್ಬಿನಿಂದ ಅಲ್ಟ್ರಾವಯಲೆಟ್ ಕಿರಣ ಹೊರಗೆ ಬರುತ್ತದೆ. ತಡೆಯುವುದು ಆ ಮುಂದಿನ ಗಾಜೇ. ಅದಿಲ್ಲದೆ ಹಚ್ಚಿದರೆ ಗಿಡದ ಎಲೆ ಸುಡುತ್ತದೆ, ವೆಲ್ಡಿಂಗ್ ನೋಡಿದವರ ಹಾಗೆ ನಮ್ಮ ಕಣ್ಣೂ ಉರಿಯುತ್ತದೆ. ಕಾದ ಬಲ್ಬಿನ ಮೇಲೆ ಒಂದು ಹನಿ ನೀರು ಸಿಡಿದರೆ ಬಲ್ಬ್ ಒಡೆಯಬಹುದು. ಕಿಟಕಿ ಗಾಜು ಕತ್ತರಿಸಿ ಹಾಕುವ ಹಾಗೂ ಇಲ್ಲ, ಬಿಸಿಗೆ ಸೀಳುತ್ತದೆ. ಟಫನ್ಡ್ ಗ್ಲಾಸ್ ಮಾಡಿಸಿದೆವು. ಬಲ್ಬನ್ನು ಬರಿಗೈಯಲ್ಲಿ ಮುಟ್ಟಬೇಡ, ಬೆರಳಿನ ಜಿಡ್ಡು ಕೂತ ಜಾಗ ಬಿಸಿಗೆ ಹಾಳಾಗುತ್ತದೆ ಅಂತ ಹೇಳಿ ಸ್ಪಿರಿಟ್‌ನಲ್ಲಿ ಒರೆಸಿಯೇ ಹಾಕಿದರು.

ಫಿಟ್ಟಿಂಗಿನಲ್ಲಿದ್ದ ಬಲ್ಬ್ ಒಡವೆ ಅಂಗಡಿಯದ್ದು, 3000 ಕೆಲ್ವಿನ್. ಕುಲುಮೆಯಲ್ಲಿ ಕಬ್ಬಿಣ ಕಾಯಿಸಿದರೆ ಮೊದಲು ಕೆಂಪು, ಆಮೇಲೆ ಹಳದಿ, ಇನ್ನೂ ಕಾದರೆ ಬಿಳಿ, ಅಲ್ವಾ? ಕೆಲ್ವಿನ್ ಲೆಕ್ಕವೂ ಹಾಗೇ. ಅಂಕಿ ಕಮ್ಮಿ ಇದ್ದರೆ ಹಳದಿ, ಜಾಸ್ತಿ ಆದರೆ ನೀಲಿ ಕಡೆ. 3000ದ ಬೆಳಕಲ್ಲಿ ಚಿನ್ನ ಹೊಳೆಯುತ್ತದೆ ಸರಿ, ನನ್ನ ಟ್ಯಾಂಕ್ ಮಾತ್ರ ಚಹಾ ಲೋಟದ ಹಾಗೆ ಕಂಡಿತು. ಹವಳದವರು 14000, 20000ದ ನೀಲಿ ಬಲ್ಬ್ ಹಾಕುತ್ತಾರೆ. ಅದು ಸಮುದ್ರದ ಆಳದ ಬಣ್ಣ. ಗಿಡಕ್ಕೆ ಅದು ದಂಡ. ಬೆಂಗಳೂರಿನ ಎಸ್.ಜೆ.ಪಿ. ರಸ್ತೆಗೆ ಬಸ್ ಹತ್ತಿ, ನಾಲ್ಕು ಅಂಗಡಿ ಅಲೆದು, ಹಗಲು ಬೆಳಕಿನದ್ದು ಎರಡು ತಂದೆ. ಒಂದು ಹಾಕಲು, ಒಂದು ಬೀರುವಿನಲ್ಲಿ ಇಡಲು.

ಇಷ್ಟೆಲ್ಲ ಮಾಡಿ ಬಲ್ಬೇ ಮುಖ್ಯ ಅಂದುಕೊಂಡಿದ್ದೆ. ತಪ್ಪು. ಈ ದೀಪದ ಜುಟ್ಟು ಇರುವುದು ಬ್ಯಾಲಸ್ಟ್ ಕೈಯಲ್ಲಿ.

ಅಪ್ಪ ಅದನ್ನು ಬ್ಯಾಲಸ್ಟ್ ಅನ್ನುವುದಿಲ್ಲ, ಚೋಕ್ ಅನ್ನುತ್ತಾರೆ. ಅವರು ಕೆಜಿಎಫ್ ಗಣಿಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವರು, 2001ರಲ್ಲಿ ಗಣಿ ಮುಚ್ಚುವ ತನಕ. ಚೋಕ್ ಯಾಕೆ ಬೇಕು ಅಂತ ಕೇಳಿದರೆ ಗಣಿಯ ಕೇಜ್ ಉದಾಹರಣೆ ಕೊಟ್ಟರು. ಆಳಕ್ಕೆ ಆಳು ಇಳಿಸುವ ಕೇಜ್ ಕೆಳಗೆ ಹೋದಷ್ಟೂ ಹಗ್ಗ ಬಿಚ್ಚಿಕೊಳ್ಳುತ್ತದೆ, ಹಗ್ಗದ ಭಾರವೂ ಸೇರುತ್ತದೆ, ಹಾಗಾಗಿ ಇನ್ನೂ ಜೋರಾಗಿ ಇಳಿಯಲು ನೋಡುತ್ತದೆ. ಬ್ರೇಕ್ ಹಿಡಿಯದಿದ್ದರೆ ಗತಿ ಏನು? ಬಲ್ಬಿನೊಳಗಿನ ಕಿಡಿಯೂ ಹಾಗೇ. ಕರೆಂಟ್ ಹರಿದಷ್ಟೂ ದಾರಿ ಸಲೀಸಾಗುತ್ತದೆ, ಸಲೀಸಾದಷ್ಟೂ ಇನ್ನೂ ಜಾಸ್ತಿ ಹರಿಯುತ್ತದೆ. ಹಿಡಿಯುವವರು ಇಲ್ಲದಿದ್ದರೆ ಕ್ಷಣದಲ್ಲಿ ಬಲ್ಬ್ ಖಲಾಸ್. ಹಿಡಿಯುವುದು ಚೋಕ್. ಜೊತೆಗೆ ಒಂದು ಇಗ್ನೈಟರ್ ಬೇಕು, ನಾಲ್ಕೈದು ಸಾವಿರ ವೋಲ್ಟಿನ ಏಟು ಕೊಟ್ಟು ಮೊದಲ ಕಿಡಿ ಹೊತ್ತಿಸಲು.

ನಾನು ಅವರ ಮಾತು ಕೇಳದೆ ಮೊದಲು ಎಲೆಕ್ಟ್ರಾನಿಕ್ ಬ್ಯಾಲಸ್ಟ್ ತಂದೆ. ಹಗುರ, ಸದ್ದಿಲ್ಲ, ಬಿಸಿ ಕಮ್ಮಿ, ವೋಲ್ಟೇಜ್ ಸ್ವಲ್ಪ ಮೇಲೆ ಕೆಳಗೆ ಆದರೂ ಬಲ್ಬಿಗೆ ಒಂದೇ ಸಮ ಕೊಡುತ್ತದೆ. ಪುಸ್ತಕದ ಪ್ರಕಾರ ಅದೇ ಒಳ್ಳೆಯದು. ಮೊದಲ ಬೇಸಿಗೆಯ ಕೊನೆಯಲ್ಲಿ, ಮಾವಿನಕಾಯಿ ಉದುರಿಸುವ ಗುಡುಗು ಮಳೆ ಬಂತಲ್ಲ, ಒಂದು ಸಿಡಿಲಿಗೆ ಬೀದಿಯ ಲೈನೆಲ್ಲ ಜಿಗಿಯಿತು. ಡಬ್ಬಿಯಿಂದ ಸುಟ್ಟ ವಾಸನೆ. ಕೊಟ್ಟ ಅಂಗಡಿಗೆ ತೆಗೆದುಕೊಂಡು ಹೋದರೆ, "ಸರ್ಜ್‌ಗೆ ವಾರಂಟಿ ಇಲ್ಲ ಸಾರ್" ಅಂದರು. ಅಪ್ಪ ಏನೂ ಅನ್ನಲಿಲ್ಲ. ಅನ್ನದೇ ಇದ್ದದ್ದೇ ಜಾಸ್ತಿ ನೋವಾಯಿತು.

ಮಾರನೇ ದಿನ ಅವರು ಮೀಟರ್ ಹಿಡಿದು ಕೂತರು. ಮೂರು ದಿನ ಪಾಯಿಂಟಿನ ವೋಲ್ಟೇಜ್ ಬರೆದರು, ಹಾಲಿನ ಲೆಕ್ಕದ ಪುಸ್ತಕದ ಹಿಂದೆ. ಬೆಳಿಗ್ಗೆ ಎಲ್ಲರ ಮನೆಯ ಮೋಟರ್ ಓಡುವಾಗ 205. ರಾತ್ರಿ ಹನ್ನೊಂದಕ್ಕೆ 248. ತಾಮ್ರದ ಚೋಕ್‌ಗೆ ಸಿಡಿಲಿನ ಭಯ ಅಷ್ಟಿಲ್ಲ, ಆದರೆ ಅದಕ್ಕೆ ಈ ಏರಿಳಿತ ಮುಚ್ಚಿಡಲು ಬರುವುದಿಲ್ಲ. ವೋಲ್ಟೇಜ್ ಐದು ಪರ್ಸೆಂಟ್ ಏರಿದರೆ ಬಲ್ಬಿನ ವ್ಯಾಟ್ ಹತ್ತರ ಮೇಲೆ ಏರುತ್ತದೆ. 248ಕ್ಕೆ ನನ್ನ 150ರ ಬಲ್ಬ್ 170 ದಾಟುತ್ತದೆ. ಬಲ್ಬ್ ಬೇಗ ಮುದಿಯಾಗುತ್ತದೆ, ಬಣ್ಣ ಬದಲಾಗುತ್ತದೆ. ಹಾಗಾಗಿ ಅವರು ಎರಡು ಕೆಲಸ ಮಾಡಿದರು. ದೀಪ ಉರಿಯುವ ಸಮಯವನ್ನು ಮಧ್ಯಾಹ್ನ ಎರಡರಿಂದ ರಾತ್ರಿ ಒಂಬತ್ತಕ್ಕೆ ಇಟ್ಟರು, ಅತಿ ಕಮ್ಮಿಯೂ ಅತಿ ಜಾಸ್ತಿಯೂ ಎರಡೂ ತಪ್ಪಲಿ ಅಂತ. ಮತ್ತೆ 220, 240 ಅಂತ ಎರಡು ಟ್ಯಾಪ್, ಅಂದರೆ ವೈರ್ ಸೇರಿಸುವ ಎರಡು ತುದಿ, ಇರುವ ಚೋಕ್ ಹುಡುಕಿಸಿ 240ಕ್ಕೆ ವೈರ್ ಕೊಟ್ಟರು.

ಆ ಚೋಕ್ ಸಿಕ್ಕಿದ್ದು ಹಳೇ ಬೀದಿದೀಪದ ಸಾಮಾನಿನಲ್ಲಿ. 150 ವ್ಯಾಟ್ ಸೋಡಿಯಂ ದೀಪದ ಚೋಕ್ ಅದು. ನಮ್ಮ ಕಡೆಯ 150ರ ಸೋಡಿಯಂ, 150ರ ಹ್ಯಾಲೈಡ್ ಎರಡೂ ಎಳೆಯುವುದು 1.8 ಆಂಪಿಯರ್, ಹಾಗಾಗಿ ಒಂದರ ಚೋಕ್ ಇನ್ನೊಂದಕ್ಕೆ ನಡೆಯುತ್ತದೆ. ಬಲ್ಬಿನ ಮೇಲೂ ಚೋಕಿನ ಮೇಲೂ ಬರೆದ ಆಂಪಿಯರ್ ಒಂದೇ ಇದೆಯಾ ಅಂತ ನೋಡಿಕೊಂಡರೆ ಆಯಿತು. ಹಳೇ ಮರ್ಕ್ಯುರಿ ದೀಪದ ಚೋಕ್ ತಂದು ಹಾಕಬೇಡಿ, ಅದರ ಲೆಕ್ಕ ಬೇರೆ. ವ್ಯಾಟ್ ಬೇರೆ ಇದ್ದರಂತೂ ಸುಮ್ನೆ ಕೈ ಹಾಕಬೇಡಿ. 250ರ ಚೋಕ್‌ಗೆ 150ರ ಬಲ್ಬ್ ಹಾಕಿದರೆ ಸ್ವಲ್ಪ ಹೊತ್ತು ಭರ್ಜರಿ ಬೆಳಕು ಬರುತ್ತದೆ, ಅಷ್ಟೇ.

ಕೆಪಾಸಿಟರ್ ಬೇಡ ಅನ್ನುವವರೂ ಇದ್ದಾರೆ. ದೀಪ ಅದಿಲ್ಲದೆಯೂ ಹತ್ತುತ್ತದೆ ನಿಜ. ಆದರೆ 20 ಮೈಕ್ರೋಫ್ಯಾರಡ್‌ನದ್ದು ಒಂದು ಹಾಕಿದರೆ ಲೈನಿನಿಂದ ಎಳೆಯುವ ಕರೆಂಟ್ 1.8ರಿಂದ ಒಂದು ಆಂಪಿಯರಿನ ಒಳಗೆ ಬರುತ್ತದೆ. ಹಳೇ ಮನೆಯ ತೆಳು ವೈರಿಂಗ್‌ಗೆ ಅದು ದೊಡ್ಡ ಉಪಕಾರ. ಎಲ್ಲವನ್ನೂ ಟ್ಯಾಂಕಿನ ಕೆಳಗೆ ತುರುಕಬೇಡಿ. ಚೋಕ್ ಕೈಯಿಡಲಾರದಷ್ಟು ಕಾಯುತ್ತದೆ, ಕೆಳಗೆ ತೇವ ಬೇರೆ. ನಮ್ಮದು ಗೋಡೆ ಮೇಲಿನ ಜಾಲರಿ ಡಬ್ಬಿಯಲ್ಲಿದೆ. ಇಗ್ನೈಟರ್ ಮಾತ್ರ ದೀಪದ ಹತ್ತಿರ. ವೈರ್ ಉದ್ದವಾದರೆ ಆ ಏಟು ದಾರಿಯಲ್ಲೇ ಸೊರಗುತ್ತದೆ. ಅರ್ಥಿಂಗ್ ಮತ್ತೆ ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಇಎಲ್‌ಸಿಬಿ ಇಲ್ಲದೆ ಈ ಕೆಲಸಕ್ಕೆ ಇಳಿಯಲೇಬೇಡಿ. ನೀರಿಗೆ ಕೈ ಹಾಕುವವರು ನಾವು.

ಚೋಕ್ ಗುಂಯ್ ಅನ್ನುತ್ತದೆ. ನಮ್ಮ ಕರೆಂಟ್ 50 ಸೈಕಲ್, ಪ್ರತಿ ಸೈಕಲ್‌ಗೆ ಕಬ್ಬಿಣದ ಪಟ್ಟಿಗಳು ಎರಡು ಸಲ ನಡುಗುತ್ತವೆ, ಸೆಕೆಂಡಿಗೆ ನೂರು. ನನ್ನ ಹೆಂಡತಿ "ಗೋಡೆಯೊಳಗೆ ಜೇನು ಸಾಕಿದ್ದೀರಾ?" ಅಂತ ಕೇಳಿದ್ದಳು. ಡಬ್ಬಿಗೆ ರಬ್ಬರ್ ವಾಷರ್ ಕೊಟ್ಟ ಮೇಲೆ ಎಷ್ಟೋ ವಾಸಿ. ಅಪ್ಪನಿಗೆ ಮಾತ್ರ ಆ ಸದ್ದು ಇಷ್ಟ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 150 ಕಿಲೋಮೀಟರ್ ತಂತಿ ಎಳೆದು ನಮ್ಮ ಚಿನ್ನದ ಗಣಿಗೆ ಕರೆಂಟ್ ತಂದರು, ಬೆಂಗಳೂರಿನ ಬೀದಿಗೆ ಅದು ಬಂದಿದ್ದು 1905ಕ್ಕೆ. ಆ ಕರೆಂಟ್ 25 ಸೈಕಲ್‌ನದ್ದು. ಆ ಕಾಲದ ಚೋಕ್ ಇದ್ದಿದ್ದರೆ ಇದರ ಅರ್ಧ ಸ್ವರದಲ್ಲಿ, ಮಂದ್ರದಲ್ಲಿ ಹಾಡುತ್ತಿತ್ತು ಅಂತ ಅವರ ತಮಾಷೆ.

ಬಿಸಿಯದ್ದು ಇನ್ನೊಂದು ತಲೆನೋವು. ಮೊದಲು ದೀಪವನ್ನು ನೀರಿಗೆ ಆರು ಇಂಚು ಮೇಲೆ ಇಟ್ಟಿದ್ದೆ. ಏಪ್ರಿಲ್‌ನಲ್ಲಿ ನೀರು 32 ಡಿಗ್ರಿ ಮುಟ್ಟಿತು, ಮೀನುಗಳು ಮೇಲೆ ಬಂದು ಬಾಯಿ ಬಡಿದುಕೊಳ್ಳುತ್ತಿದ್ದವು. ಈಗ ಹನ್ನೆರಡು ಇಂಚು ಮೇಲಿದೆ, ಪಕ್ಕದಿಂದ ಒಂದು ಸಣ್ಣ ಫ್ಯಾನ್ ನೀರಿನ ಮೈಮೇಲೆ ಗಾಳಿ ಬೀಸುತ್ತದೆ. ಮಡಕೆ ನೀರು ತಣ್ಣಗಾಗುವ ಹಾಗೇ ಇದು, ಎರಡು ಮೂರು ಡಿಗ್ರಿ ಇಳಿಯುತ್ತದೆ. ಆದರೆ ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಉಳಿಯುತ್ತದೆ. ನಮ್ಮ ಬೋರ್‌ವೆಲ್ ನೀರಿನ ಬಗ್ಗೆ ಕೋಲಾರದವರಿಗೆ ಹೇಳಬೇಕಾ? ಹಂಡೆ ತಳ ನೋಡಿದರೆ ಸಾಕು. ಆವಿಯಾದಷ್ಟಕ್ಕೆ ಆರ್‌ಒ ನೀರನ್ನೇ ಸುರಿಯಬೇಕು, ಇಲ್ಲದಿದ್ದರೆ ವಾರ ವಾರ ನೀರು ಗಡುಸಾಗುತ್ತಾ ಹೋಗುತ್ತದೆ.

ಅದೇ ನೀರು ಸಿಡಿದು ದೀಪದ ಗಾಜಿನ ಮೇಲೂ ಕೂರುತ್ತದೆ. ಒಂದು ಸಲ ರೊಟಾಲಾ ಬಣ್ಣ ಬಿಡುತ್ತಿದೆ, ಬಲ್ಬ್ ಹೋಗಿರಬೇಕು ಅಂತ ಬೀರುವಿನ ಬಲ್ಬ್ ತೆಗೆಯಲು ಹೊರಟಿದ್ದೆ. ಅಪ್ಪ ದೀಪ ಆರಿಸಿ, ತಣ್ಣಗಾಗಲು ಬಿಟ್ಟು, ಗಾಜನ್ನು ಓರೆಯಾಗಿ ಹಿಡಿದು ತೋರಿಸಿದರು. ಸಣ್ಣ ಸಣ್ಣ ಬಿಳಿ ಉಂಗುರಗಳು, ಒಂದರ ಮೇಲೊಂದು, ರಂಗೋಲಿ ಚೆಲ್ಲಿದ ಹಾಗೆ. ಉಗುರಿನಿಂದ ಕೆರೆದರೆ ಪುಡಿ ಬರುತ್ತಿತ್ತು. ನಿಂಬೆಹೋಳಿನಲ್ಲಿ ಉಜ್ಜಿದೆವು. ಬೆಳಕು ವಾಪಸ್ ಬಂತು, ಬಲ್ಬ್ ಬೀರುವಿನಲ್ಲೇ ಉಳಿಯಿತು.

ಪಾಚಿ ಎಲ್ಲರಿಗೂ ಬರುತ್ತದೆ, ನನಗೂ ಬಂತು. ಜೋರು ಬೆಳಕು ಕೊಟ್ಟು ಕಾರ್ಬನ್ ಡೈಆಕ್ಸೈಡ್ ಕೊಡದಿದ್ದರೆ ಗಿಡದ ಬದಲು ಪಾಚಿ ಬೆಳೆಯುತ್ತದೆ. ಸಕ್ಕರೆ ಯೀಸ್ಟ್ ಬಾಟಲಿಯಿಂದ ಶುರು ಮಾಡಿ ಸಿಲಿಂಡರ್‌ಗೆ ಬಂದೆ. ಹತ್ತು ಗಂಟೆ ಉರಿಸುತ್ತಿದ್ದುದನ್ನು ಏಳಕ್ಕೆ ಇಳಿಸಿದೆ. ಅಷ್ಟೇ.

ಬಿಲ್ ವಿಷಯ. ಬಲ್ಬ್ 150, ಚೋಕ್ ತಿನ್ನುವುದು ಸೇರಿ 170 ವ್ಯಾಟ್. ಏಳು ಗಂಟೆಗೆ 1.2 ಯೂನಿಟ್, ತಿಂಗಳಿಗೆ 36. ಗೃಹಜ್ಯೋತಿಯಲ್ಲಿ ನಮಗೆ ಬಿಟ್ಟಿ ಸಿಗುವುದು ಹಳೇ ವರ್ಷದ ಸರಾಸರಿಗೆ ಹತ್ತು ಪರ್ಸೆಂಟ್ ಸೇರಿಸಿದಷ್ಟು, ಅದರ ಮೇಲಿನದ್ದಕ್ಕೆ ದುಡ್ಡು. "ಮೀನಿಗೂ ಒಂದು ಗೃಹಜ್ಯೋತಿ ಅರ್ಜಿ ಹಾಕು" ಅಂತ ಅಪ್ಪ ಪ್ರತಿ ತಿಂಗಳೂ ಹೇಳುತ್ತಾರೆ. ಪ್ರತಿ ತಿಂಗಳೂ ಹೊಸದಾಗಿ ನಗುತ್ತಾರೆ.

ಇನ್ನು ಆ ಹನ್ನೆರಡು ನಿಮಿಷ. ಉರಿಯುವ ಬಲ್ಬಿನೊಳಗೆ ಆವಿಯ ಒತ್ತಡ ವಿಪರೀತ ಇರುತ್ತದೆ. ಕಣ್ಣು ಮಿಟುಕಿಸುವಷ್ಟು ಹೊತ್ತು ಕರೆಂಟ್ ಹೋದರೂ ಕಿಡಿ ಆರುತ್ತದೆ. ಬಿಸಿ ಇರುವಾಗ ಅದನ್ನು ಮತ್ತೆ ಹೊತ್ತಿಸಲು ಇಗ್ನೈಟರ್‌ನ ನಾಲ್ಕೈದು ಸಾವಿರ ವೋಲ್ಟ್ ಸಾಲುವುದಿಲ್ಲ. ತಣ್ಣಗಾಗಿ ಒತ್ತಡ ಇಳಿಯಬೇಕು, ಅದಕ್ಕೆ ಹತ್ತರಿಂದ ಹದಿನೈದು ನಿಮಿಷ. ಯುಪಿಎಸ್ ಇದೆಯಲ್ಲ ಅನ್ನಬಹುದು. ನಮ್ಮದು ಲೈನಿನಿಂದ ಬ್ಯಾಟರಿಗೆ ಬದಲಾಗುವ ಆ ಗ್ಯಾಪ್‌ನಲ್ಲೇ ದೀಪ ಆರುತ್ತದೆ. ಎಲ್‌ಇಡಿ ಇದ್ದವರಿಗೆ ಈ ರಗಳೆ ಗೊತ್ತೇ ಇಲ್ಲ. ಮೀನುಗಳು ಬೆಚ್ಚಬಾರದು ಅಂತ ಟ್ಯಾಂಕಿನ ಹಿಂದೆ ಒಂದು ಜೀರೋ ಬಲ್ಬ್ ಇಟ್ಟಿದ್ದೇನೆ.

ಮೊನ್ನೆ ಗುರುವಾರವೂ ಹಾಗೇ ಆಯಿತು. ಏಳೂ ಹತ್ತಕ್ಕೆ ಹೋಯಿತು, ಏಳೂ ಹನ್ನೊಂದಕ್ಕೆ ಬಂತು. ಅಪ್ಪ ಕುರ್ಚಿ ಎಳೆದುಕೊಂಡು ಟ್ಯಾಂಕಿನ ಮುಂದೆ ಕೂತರು. ಅಮ್ಮ ಕಾಫಿ ತಂದಿಟ್ಟಳು. ಇಗ್ನೈಟರ್ ಚಿಟ್ ಚಿಟ್ ಅನ್ನುತ್ತಲೇ ಇತ್ತು, ಗೋಡೆ ಮೇಲೆ ಹಲ್ಲಿ ಕೂಗಿದ ಹಾಗೆ. ಕಾಫಿ ಮುಗಿಯಿತು. ಆಮೇಲೆ ಒಂದು ಸಣ್ಣ ಮಿಂಚು, ಹಿಂದೆಯೇ ಮಂಕು ನೀಲಿ. ಅದು ಪಾದರಸದ ಸರದಿ, ಹಳೇ ಬೀದಿದೀಪದ ಬಣ್ಣ. ನಿಧಾನಕ್ಕೆ ಹಸಿರು ಬೆರೆಯಿತು, ಆಮೇಲೆ ಎಳೆ ಗುಲಾಬಿ. ಉಪ್ಪುಗಳು ಒಂದೊಂದಾಗಿ ಆವಿಯಾಗುತ್ತಿವೆ. ಮೂರು ನಾಲ್ಕು ನಿಮಿಷಕ್ಕೆ ಬಿಳಿ ತುಂಬಿಕೊಂಡಿತು. ಜಾವಾ ಫರ್ನ್ ಹಿಂದೆ ಅಡಗಿದ್ದ ನಿಯಾನ್ ಟೆಟ್ರಾಗಳು ಒಂದೊಂದೇ ಹೊರಗೆ ಬಂದವು. ಮರಳಿನ ಮೇಲೆ ಬಲೆ ಬಿತ್ತು, ಅಲುಗಾಡಲು ಶುರುವಾಯಿತು.

ಅಪ್ಪ ಗಡಿಯಾರ ನೋಡಿದರು.

"ಕಿಡಿ ಹತ್ತೋಕೆ ಹದಿನಾಲ್ಕು ನಿಮಿಷ ಹಿಡೀತು ಕಣೋ" ಅಂದರು. "ಬಲ್ಬ್ ಹಳೇದಾಗ್ತಾ ಐತೆ."

ಬೀರುವಿನ ಮೇಲಿನ ಅರೆಯಲ್ಲಿ, ಮದುವೆ ಸೀರೆಗಳ ಹಿಂದೆ, ಇನ್ನೊಂದು ಬಲ್ಬ್ ಇದೆ. ಎಸ್.ಜೆ.ಪಿ. ರಸ್ತೆಯಲ್ಲಿ ಹೋದ ತಿಂಗಳು ಕೇಳಿದಾಗ, "ಈಗ ಯಾರು ಸಾರ್ ತರಿಸ್ತಾರೆ ಅದನ್ನ" ಅಂದಿದ್ದರು. ಅದನ್ನು ಅಪ್ಪನಿಗೆ ಇನ್ನೂ ಹೇಳಿಲ್ಲ.